ಚಿಂಪಾಂಜಿಯ ಹೊಟ್ಟೆಯೊಳಗಿನ ಸಂಸಾರ

ತಾಂಜಾನಿಯಾದ ಗೋಂಬೆ ಕಾಡು, ಟ್ಯಾಂಗನಿಕಾ ಸರೋವರದ ದಡ. ಬೆಳಕು ಹರಿಯುವ ಮೊದಲೇ ಇಬ್ಬರು ಒಂದು ಮರದ ಬುಡಕ್ಕೆ ಬಂದು ನಿಂತಿರುತ್ತಾರೆ. ಮೇಲೆ ಕೊಂಬೆ ಬಗ್ಗಿಸಿ, ಸೊಪ್ಪು ಮಡಚಿ ಮಾಡಿಕೊಂಡ ಹಾಸಿಗೆಯಲ್ಲಿ ಚಿಂಪಾಂಜಿ ಮಲಗಿದೆ. ಚಿಂಪಾಂಜಿಗಳು ರಾತ್ರಿ ಮಲಗಲು ಹೀಗೆ ಗೂಡು ಕಟ್ಟಿಕೊಳ್ಳುತ್ತವೆ. ಎದ್ದ ಕೂಡಲೇ ಗೂಡಿನ ಅಂಚಿಗೆ ಬಂದು ಕೂತು ಹೊಟ್ಟೆ ಖಾಲಿ ಮಾಡುತ್ತವೆ. ಕೆಳಗೆ ನಿಂತವರು ಕಾಯುತ್ತಿರುವುದು ಅದಕ್ಕೇ. ಸೊಪ್ಪಿನ ಮೇಲೆ ಬಿದ್ದದ್ದನ್ನು ಕಡ್ಡಿಯಲ್ಲಿ ಎತ್ತಿ, ಕೆಡದಂತೆ ಇಡುವ ದ್ರವ ತುಂಬಿದ ಸಣ್ಣ ಟ್ಯೂಬಿಗೆ ಹಾಕುತ್ತಾರೆ. ಯಾವ ಪ್ರಾಣಿ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೇಲೆ ಬರೆದು ಮುಚ್ಚಳ ಬಿಗಿ ಮಾಡುತ್ತಾರೆ.

ಕೇಳಿದರೆ ಅಸಹ್ಯ ಅನ್ನಿಸಬಹುದು. ಆದರೆ ಕಾಡಿನ ದೊಡ್ಡ ವಾನರಗಳ ಹೊಟ್ಟೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಇಂಥ ಟ್ಯೂಬುಗಳಿಂದಲೇ ಬಂದದ್ದು. ಕಾಡು ಚಿಂಪಾಂಜಿಯನ್ನು ಸುಮ್ನೆ ಹಿಡಿದು ರಕ್ತ ತೆಗೆಯುವ ಹಾಗಿಲ್ಲ. ಅದಕ್ಕೂ ಅಪಾಯ, ಹಿಡಿಯುವವರಿಗೂ ಅಪಾಯ. ಮಲ ಸಿಗಲು ಯಾರನ್ನೂ ಮುಟ್ಟಬೇಕಾಗಿಲ್ಲ, ಬೆಳಗ್ಗೆ ಬೇಗ ಎದ್ದರೆ ಸಾಕು.

ಆ ಚಿಟಿಕೆಯಷ್ಟು ಮಲದಲ್ಲಿ ಏನೇನಿರುತ್ತದೆ? ಎಣಿಸಲಾಗದಷ್ಟು ಬ್ಯಾಕ್ಟೀರಿಯ. ಮೈಕ್ರೋಸ್ಕೋಪಿನಲ್ಲಿ ಓಡಾಡುತ್ತಾ ಕಾಣುವ ಒಂದೇ ಕೋಶದ ಜೀವಿಗಳು. ಹುಳುಗಳ ಮೊಟ್ಟೆ. ಕೆಲವೊಮ್ಮೆ ಜೀವಂತ ಹುಳು. ಅಪರೂಪಕ್ಕೆ, ಮಡಿಕೆ ಬಿಚ್ಚದೆ ಹಾಗೇ ಹೊರಬಂದ ಇಡೀ ಎಲೆ. ಈ ಎಲೆಯ ವಿಷಯಕ್ಕೆ ಆಮೇಲೆ ಬರೋಣ.

ದೊಡ್ಡ ವಾನರ ಅಂದರೆ ಬಾಲವಿಲ್ಲದ ನಮ್ಮ ಹತ್ತಿರದ ನೆಂಟರು. ಆಫ್ರಿಕಾದಲ್ಲಿ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳಲ್ಲಿ ಒರಾಂಗುಟಾನ್. ಭಾರತದ ಕಾಡುಗಳಲ್ಲಿ ಇವು ಯಾವುವೂ ಇಲ್ಲ. ಈಶಾನ್ಯದ ಹೂಲಾಕ್ ಗಿಬ್ಬನ್ ಚಿಕ್ಕ ವಾನರಗಳ ಸಾಲಿಗೆ ಸೇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಗೊರಿಲ್ಲಾ ನೋಡಿದ್ದರೆ ಅದು ಮೈಸೂರು ಝೂನಲ್ಲಿ. ಅಲ್ಲಿ ಕಂದಕದ ಆಚೆ ಕೂತ ಗೊರಿಲ್ಲಾದ ಹೊಟ್ಟೆ ಯಾಕೆ ಅಷ್ಟು ದಪ್ಪ ಎಂದು ಮಕ್ಕಳು ಕೇಳುತ್ತಾರಲ್ಲ, ನಮ್ಮ ವಿಷಯ ಶುರುವಾಗುವುದು ಆ ಪ್ರಶ್ನೆಯಿಂದಲೇ.

ಗೊರಿಲ್ಲಾ ದಿನವಿಡೀ ತಿನ್ನುವುದು ಸೊಪ್ಪು, ದಂಟು, ತೊಗಟೆ, ಸಿಕ್ಕಿದಾಗ ಹಣ್ಣು. ಎಲ್ಲಾ ನಾರು. ನಾರನ್ನು ಕರಗಿಸುವ ಶಕ್ತಿ ಗೊರಿಲ್ಲಾದ ದೇಹಕ್ಕೆ ಇಲ್ಲ, ನಮ್ಮ ದೇಹಕ್ಕೂ ಇಲ್ಲ. ಹಸುವಿಗೂ ಇಲ್ಲ. ಹಸುವಿನ ಹೊಟ್ಟೆಯೊಳಗೆ ಆ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಹಸು ಅವನ್ನು ಮುಂದಿನ ಹೊಟ್ಟೆಯಲ್ಲಿ ಸಾಕಿಕೊಂಡು ಮೆಲುಕು ಹಾಕುತ್ತದೆ. ವಾನರಗಳು ಹಿಂದಿನ ಕಡೆ, ದೊಡ್ಡ ಕರುಳಿನಲ್ಲಿ ಸಾಕಿಕೊಂಡಿವೆ. ಅದಕ್ಕೇ ಅವುಗಳ ದೊಡ್ಡ ಕರುಳು ಅಷ್ಟು ದೊಡ್ಡದು. ನಮ್ಮ ಹೊಟ್ಟೆಯಲ್ಲಿ ಜಾಸ್ತಿ ಜಾಗ ಸಣ್ಣ ಕರುಳಿನದು, ಅವುಗಳಲ್ಲಿ ಜಾಸ್ತಿ ಜಾಗ ದೊಡ್ಡ ಕರುಳಿನದು. ಅಲ್ಲಿ ನಾರು ಹಿಟ್ಟಿನ ಹಾಗೆ ಹುದುಗು ಬರುತ್ತದೆ. ಆಗ ಸಣ್ಣ ಸಣ್ಣ ಕೊಬ್ಬಿನ ಆಮ್ಲಗಳು ಹುಟ್ಟುತ್ತವೆ. ಕರುಳು ಅವನ್ನು ಹೀರಿಕೊಳ್ಳುತ್ತದೆ. 1997ರಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ ತಗ್ಗು ಪ್ರದೇಶದ ಗೊರಿಲ್ಲಾಗೆ ಸಿಗುವ ಶಕ್ತಿಯಲ್ಲಿ ಸುಮಾರು 57% ಹೀಗೆ ದೊಡ್ಡ ಕರುಳಿನ ಹುದುಗಿನಿಂದಲೇ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ಊಟವನ್ನು ಬ್ಯಾಕ್ಟೀರಿಯಗಳೇ ಬೇಯಿಸಿ ಬಡಿಸಿದ ಹಾಗಾಯಿತು.

ಇಲ್ಲಿ ಒಂದು ಜೀವಿಯ ಕಥೆ ಹೇಳಲೇಬೇಕು. ಅದರ ಹೆಸರು ಟ್ರೊಗ್ಲೊಡೈಟೆಲ್ಲಾ. ಒಂದೇ ಕೋಶದ ಜೀವಿ, ಮೈತುಂಬಾ ರೋಮದಂಥ ಎಳೆಗಳು. 1912ರಲ್ಲಿ ಚಿಂಪಾಂಜಿಯ ಮಲದಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಕರುಳಿನಲ್ಲಿ ಅಪರಿಚಿತ ಜೀವಿ ಕಂಡರೆ ಮೊದಲು ಏಳುವುದು ಇದು ರೋಗ ತರುತ್ತದೆಯೋ ಎಂಬ ಅನುಮಾನವೇ. ಆದರೆ ಇದರ ಹತ್ತಿರದ ಬಳಗ ಇರುವುದು ಹಸು, ಎಮ್ಮೆಗಳ ಹೊಟ್ಟೆಯಲ್ಲಿ. ಅಲ್ಲಿ ಅವು ಮೇವು ಕರಗಿಸುವ ಕೆಲಸಗಾರರು. ವಾನರಗಳ ಕರುಳಿನಲ್ಲೂ ಇದು ಅದೇ ಕೆಲಸಕ್ಕೆ ಕೈಜೋಡಿಸುತ್ತದೆ ಎಂದು ಈಗ ಸಂಶೋಧಕರು ನೋಡುತ್ತಾರೆ. ಆರೋಗ್ಯವಾಗಿರುವ ಕಾಡು ಚಿಂಪಾಂಜಿಗಳಲ್ಲಿ ಇದು ಧಾರಾಳವಾಗಿ ಕಾಣುತ್ತದೆ. ಒಂದು ಜೀವಿ ಹೊಟ್ಟೆಯೊಳಗೆ ಇದೆ ಅಂದ ಮಾತ್ರಕ್ಕೆ ಅದನ್ನು ಕಳ್ಳ ಎಂದು ಬರೆದುಬಿಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸರಿ, ಈ ಬ್ಯಾಕ್ಟೀರಿಯಗಳು ಚಿಂಪಾಂಜಿಗೆ ಬಂದದ್ದು ಎಲ್ಲಿಂದ? ಇದಕ್ಕೆ ಎರಡು ಉತ್ತರ ಇವೆ. ಎರಡೂ ಸರಿ.

ಮೊದಲನೆಯದು, ಪಿತ್ರಾರ್ಜಿತ. 2016ರಲ್ಲಿ ಆಂಡ್ರ್ಯೂ ಮೊಯೆಲ್ಲರ್, ಹೋವರ್ಡ್ ಓಕ್‌ಮನ್ ಮತ್ತು ಜೊತೆಗಾರರು ಒಂದು ಕೆಲಸ ಮಾಡಿದರು. ಕಾಡಿನ ಚಿಂಪಾಂಜಿ, ಬೊನೊಬೊ, ಗೊರಿಲ್ಲಾಗಳ ಮಲ ತಗೊಂಡರು. ಅಮೆರಿಕದ ಕನೆಟಿಕಟ್‌ನ ಮನುಷ್ಯರದ್ದೂ ತಗೊಂಡರು. ಕರುಳಿನ ಮೂರು ಬ್ಯಾಕ್ಟೀರಿಯ ಕುಟುಂಬಗಳ ಒಂದೇ ಜೀನನ್ನು ಓದಿ ಅವುಗಳ ವಂಶವೃಕ್ಷ ಬರೆದರು. ಆಮೇಲೆ ಅದನ್ನು ವಾನರರ ವಂಶವೃಕ್ಷದ ಪಕ್ಕ ಇಟ್ಟು ನೋಡಿದರು. ಬ್ಯಾಕ್ಟೀರಾಯ್ಡೇಸಿ ಮತ್ತು ಬೈಫಿಡೊ ಎಂಬ ಎರಡು ಕುಟುಂಬಗಳ ಕೊಂಬೆಗಳು ವಾನರರ ಕೊಂಬೆಗಳ ಜೊತೆ ಹೊಂದಿಕೊಂಡವು. ಗೊರಿಲ್ಲಾಗಳ ಪೂರ್ವಜರು ಬೇರೆ ದಾರಿ ಹಿಡಿದಾಗ ಅವುಗಳ ಹೊಟ್ಟೆಯ ಬ್ಯಾಕ್ಟೀರಿಯಗಳೂ ಬೇರೆಯಾದವು. ಮನುಷ್ಯ ಮತ್ತು ಚಿಂಪಾಂಜಿಯ ದಾರಿ ಕವಲೊಡೆದಾಗ ಹೊಟ್ಟೆಯೊಳಗಿನವರೂ ಪಾಲಾದರು. ಬ್ಯಾಕ್ಟೀರಿಯಗಳ ಲೆಕ್ಕದಲ್ಲಿ ಮೊದಲನೆಯ ಕವಲು ಸುಮಾರು ಒಂದೂವರೆ ಕೋಟಿ ವರ್ಷ ಹಿಂದೆ, ಎರಡನೆಯದು ಸುಮಾರು 50 ಲಕ್ಷ ವರ್ಷ ಹಿಂದೆ. ಅಣ್ಣತಮ್ಮಂದಿರು ಬೇರೆ ಮನೆ ಹೂಡುವಾಗ ಒಲೆಯ ಕೆಂಡವನ್ನೂ ಹಂಚಿಕೊಂಡು ಹೋದ ಹಾಗೆ. ನಿಮ್ಮ ಹೊಟ್ಟೆಯಲ್ಲಿ ಈಗ ಇರುವ ಕೆಲವು ಬ್ಯಾಕ್ಟೀರಿಯಗಳು ಆ ಕೆಂಡದ ಮುಂದುವರಿಕೆ. ಮೂರನೆಯ ಕುಟುಂಬ ಲಾಕ್ನೊಸ್ಪೈರೇಸಿ ಮಾತ್ರ ಈ ಶಿಸ್ತು ಪಾಲಿಸಿಲ್ಲ. ಇವು ಬೀಜದಂಥ ಗಟ್ಟಿ ಕಣಗಳಾಗಿ ದೇಹದ ಹೊರಗೂ ಬದುಕಬಲ್ಲವು. ಅದರಿಂದಲೇ ಒಂದು ಜಾತಿಯಿಂದ ಇನ್ನೊಂದಕ್ಕೆ ಹಾರಿರಬೇಕು ಎಂದು ಅವರ ಊಹೆ.

ಎರಡನೆಯ ಉತ್ತರ, ಸಹವಾಸ. ಇದು ನನಗೆ ಇನ್ನೂ ಇಷ್ಟ. ಗೋಂಬೆಯಲ್ಲಿ ಎಂಟು ವರ್ಷ ಶೇಖರಿಸಿದ ಮಲದ ಮಾದರಿಗಳನ್ನು ಇದೇ ತಂಡ ನೋಡಿತು. ಅಲ್ಲಿ 1960ರಲ್ಲಿ ಜೇನ್ ಗುಡಾಲ್ ಕೆಲಸ ಶುರು ಮಾಡಿದಾಗಿನಿಂದ ಯಾವ ಚಿಂಪಾಂಜಿಗೆ ಯಾರು ತಾಯಿ, ಯಾರು ಯಾರ ಜೊತೆ ಓಡಾಡುತ್ತಾರೆ ಎಂದು ಬರೆದಿಡುವ ಪದ್ಧತಿ ಇದೆ. ಹಾಗಾಗಿ ಹೊಟ್ಟೆಯ ಲೆಕ್ಕವನ್ನು ಸಂಸಾರದ ಲೆಕ್ಕದ ಜೊತೆ ತಾಳೆ ನೋಡಬಹುದಿತ್ತು. ತಾಯಿ ಮಗುವಿನ ಬ್ಯಾಕ್ಟೀರಿಯ ಒಂದೇ ಥರ ಇರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹೆರಿಗೆ ಅವಳದು, ಹಾಲು ಅವಳದು, ವರ್ಷಗಟ್ಟಲೆ ಬೆನ್ನ ಮೇಲೆ ಹೊತ್ತವಳು ಅವಳು. ಆದರೆ ಬೆಳೆದ ಮಕ್ಕಳ ಹೊಟ್ಟೆ ತಾಯಿಯ ಹೊಟ್ಟೆಯನ್ನು ಎಷ್ಟು ಹೋಲುತ್ತಿತ್ತೋ, ಗುಂಪಿನ ಬೇರೆಯವರ ಹೊಟ್ಟೆಯನ್ನೂ ಅಷ್ಟೇ ಹೋಲುತ್ತಿತ್ತು. ತಾಯಿ ಕೊಟ್ಟದ್ದರ ಮೇಲೆ ಊರಿನವರೆಲ್ಲ ಸ್ವಲ್ಪ ಸ್ವಲ್ಪ ಸೇರಿಸಿದ್ದರು.

ಹೇಗೆ ಸೇರಿಸುತ್ತಾರೆ? ಚಿಂಪಾಂಜಿಗಳು ಒಬ್ಬರ ಮೈಯ ಕೂದಲನ್ನು ಒಬ್ಬರು ಬಿಡಿಸುತ್ತಾ ಗಂಟೆಗಟ್ಟಲೆ ಕೂರುತ್ತವೆ. ಸಿಕ್ಕ ಚೂರನ್ನು ತುಟಿಗೆ ಇಟ್ಟುಕೊಳ್ಳುತ್ತವೆ. ಅಪ್ಪಿಕೊಳ್ಳುತ್ತವೆ, ಮುತ್ತಿಡುತ್ತವೆ, ಒಂದೇ ಕೊಂಬೆಯಲ್ಲಿ ಕೂತು ತಿನ್ನುತ್ತವೆ, ಒಬ್ಬರ ಹಿಕ್ಕೆ ಬಿದ್ದ ಸೊಪ್ಪಿನ ಮೇಲೆ ಇನ್ನೊಬ್ಬರು ನಡೆಯುತ್ತವೆ. ಮಳೆಗಾಲದಲ್ಲಿ ಗೋಂಬೆಯ ಚಿಂಪಾಂಜಿಗಳು ಹೆಚ್ಚು ಹೊತ್ತು ಜೊತೆಯಲ್ಲಿ ಇರುತ್ತವೆ. ಆಗ ಒಂದೊಂದರ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಗಳ ಬಗೆಗಳು ಹೆಚ್ಚಾಗುತ್ತವೆ. ಬೇಸಿಗೆಯಲ್ಲಿ ಚಿಕ್ಕ ಚಿಕ್ಕ ಗುಂಪಾಗಿ ಚದುರಿದಾಗ ಕಡಿಮೆಯಾಗುತ್ತವೆ. ಸ್ನೇಹ ಜಾಸ್ತಿಯಾದರೆ ಹೊಟ್ಟೆಯ ಸಂಪತ್ತು ಜಾಸ್ತಿ ಎಂದು 2016ರ ಇನ್ನೊಂದು ಲೇಖನದಲ್ಲಿ ಅವರು ತೋರಿಸಿದರು.

ಮಳೆಗಾಲ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಹುಳುವಿನ ಕಥೆ ಶುರುವಾಗುವುದೂ ಅಲ್ಲಿಂದಲೇ.

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ತಿಂದ ನೆನಪು ನಮ್ಮಲ್ಲಿ ಬಹಳ ಜನಕ್ಕೆ ಇರುತ್ತದೆ. ಈಗ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ, ಶಾಲೆ ಅಂಗನವಾಡಿಗಳಲ್ಲಿ ಕೊಡುತ್ತಾರೆ. ಆ ಮಾತ್ರೆ ಇಲ್ಲದ ಲೋಕ ಚಿಂಪಾಂಜಿಯದು. ಅವುಗಳ ಕರುಳಿನಲ್ಲಿ ಹುಳು ಇರುವುದು ಸಾಮಾನ್ಯ ಸಂಗತಿ. ದುಂಡುಹುಳುಗಳ ಜಾತಿಯವು, ಕೊಕ್ಕೆಹುಳು, ದಾರದಂಥ ಹುಳು, ಲಾಡಿಹುಳು, ಹೀಗೆ ಬಗೆಬಗೆಯವು ಸಿಗುತ್ತವೆ. ಒಂದು ಸಣ್ಣ ಹುಳುವಿಗೆ ಗೋಂಬೆಯ ಹೆಸರೇ ಇದೆ, ಪ್ರೊಬ್‌ಸ್ಟ್‌ಮೇರಿಯಾ ಗೊಂಬೆನ್ಸಿಸ್. ಹೆಚ್ಚಿನ ಪ್ರಾಣಿಗಳು ಇವನ್ನೆಲ್ಲ ಹೊತ್ತುಕೊಂಡೇ ಮರ ಹತ್ತಿ, ಜಗಳವಾಡಿ, ಮಕ್ಕಳನ್ನು ಸಾಕಿ ಬದುಕುತ್ತವೆ.

ಇವುಗಳಲ್ಲಿ ನಿಜವಾಗಿ ತೊಂದರೆ ಕೊಡುವುದು ಈಸೊಫಗೊಸ್ಟೊಮಮ್ ಎಂಬ ಹುಳು. ನಾನು ಇದನ್ನು ಗಂಟುಹುಳು ಎನ್ನುತ್ತೇನೆ, ಯಾಕೆಂದರೆ ಅದು ಮಾಡುವುದೇ ಗಂಟು. ಅದರ ಬಾಳು ಹೀಗೆ. ಮೊಟ್ಟೆ ಮಲದ ಜೊತೆ ನೆಲಕ್ಕೆ ಬೀಳುತ್ತದೆ. ನೆಲ ಹಸಿಯಾಗಿ, ಬೆಚ್ಚಗೆ ಇದ್ದರೆ ಒಡೆದು ಮರಿ ಹೊರಬರುತ್ತದೆ. ಒಂದು ವಾರದ ಹೊತ್ತಿಗೆ ಮರಿ ಸೋಂಕು ತಗಲಿಸುವ ಹಂತಕ್ಕೆ ಬೆಳೆದು, ಸೊಪ್ಪಿನ ತೇವದಲ್ಲಿ ತೆವಳಿ ಮೇಲೆ ಬಂದು ಕಾಯುತ್ತದೆ. ಯಾವುದೋ ಚಿಂಪಾಂಜಿ ಆ ಸೊಪ್ಪು ತಿಂದರೆ ಮರಿ ಒಳಗೆ ಹೋಯಿತು. ಅದು ಕರುಳಿನ ಗೋಡೆ ಕೊರೆದು ಅದರಲ್ಲೇ ಅಡಗುತ್ತದೆ. ದೇಹ ಅದನ್ನು ಸುತ್ತುವರಿದು ಗಂಟು ಕಟ್ಟುತ್ತದೆ. ಕೆಲವು ವಾರ ಕಳೆದ ಮೇಲೆ ಹುಳು ಗಂಟಿನಿಂದ ಹೊರಬಂದು ಕರುಳಿನ ಒಳಗೆ ದೊಡ್ಡದಾಗಿ, ಜೊತೆಗೂಡಿ, ಮೊಟ್ಟೆ ಇಡುತ್ತದೆ. ಗಂಟುಗಳು ಕೆಲವು ಇದ್ದರೆ ನಡೆಯುತ್ತದೆ. ಜಾಸ್ತಿಯಾದರೆ ಹೊಟ್ಟೆನೋವು, ಭೇದಿ, ತೂಕ ಇಳಿಯುವುದು. ಗಂಟು ಒಡೆದು ಕೀವಾದರೆ ಸಾವೂ ಬರಬಹುದು. ಇದೇ ಕುಲದ ಒಂದು ಹುಳು ಘಾನಾ ಮತ್ತು ಟೋಗೊ ದೇಶಗಳ ಉತ್ತರ ಭಾಗದಲ್ಲಿ ಮನುಷ್ಯರನ್ನೂ ಕಾಡಿದೆ.

ಈ ಹುಳುವಿಗೆ ಬೇಕಾದ್ದು ಒದ್ದೆ ನೆಲ ಮತ್ತು ಹತ್ತಿರ ಹತ್ತಿರ ಓಡಾಡುವ ಪ್ರಾಣಿಗಳು. ಅಂದರೆ ಮಳೆಗಾಲ, ಮತ್ತು ಸಹವಾಸ. ಒಳ್ಳೆಯ ಬ್ಯಾಕ್ಟೀರಿಯ ಬರುವ ಬಾಗಿಲಿನಿಂದಲೇ ಹುಳುವೂ ಬರುತ್ತದೆ. ಬಾಗಿಲು ಹಾಕಿಕೊಂಡರೆ ಎರಡೂ ಇಲ್ಲ. ಗುಂಪಿನಲ್ಲಿ ಬದುಕುವ ಪ್ರಾಣಿಗೆ ಬಾಗಿಲು ಹಾಕುವ ಆಯ್ಕೆಯೇ ಇಲ್ಲ. ಹಾಗಾದರೆ ಅದು ಏನು ಮಾಡುತ್ತದೆ?

ಗೋಂಬೆಯಿಂದ ಅದೇ ಸರೋವರದ ದಡ ಹಿಡಿದು ದಕ್ಷಿಣಕ್ಕೆ ಹೋದರೆ ಮಹಾಲೆ ಬೆಟ್ಟಗಳು ಸಿಗುತ್ತವೆ. 1987ರ ನವೆಂಬರ್ ತಿಂಗಳು. ಮೈಕಲ್ ಹಫ್‌ಮನ್ ಎಂಬ ಸಂಶೋಧಕ ಮತ್ತು ಮೊಹಮೆದಿ ಸೈಫು ಕಲುಂಡೆ ಎಂಬ ಅಲ್ಲಿನ ಅರಣ್ಯ ಸಿಬ್ಬಂದಿ ಚೌಸಿಕು ಎಂಬ ಹೆಣ್ಣು ಚಿಂಪಾಂಜಿಯ ಹಿಂದೆ ಇದ್ದರು. ಕಲುಂಡೆ ಟೊಂಗ್ವೆ ಬುಡಕಟ್ಟಿನವರು, ಗಿಡಮೂಲಿಕೆ ಬಲ್ಲ ಮನೆತನ. ಚೌಸಿಕುಗೆ ಹುಷಾರಿರಲಿಲ್ಲ. ಹಗಲಿನಲ್ಲೇ ಮಲಗುತ್ತಿದ್ದಳು. ಮಗು ಆಚೆ ಆಡುತ್ತಿದ್ದರೂ ಅವಳಿಗೆ ಅದರ ಕಡೆ ಗಮನವಿಲ್ಲ. ಮೂತ್ರದ ಬಣ್ಣ ಕಡುವಾಗಿತ್ತು, ಹೊಟ್ಟೆ ಸರಿ ಇರಲಿಲ್ಲ. ಆಮೇಲೆ ಎದ್ದು ಒಂದು ಪೊದೆಯ ಹತ್ತಿರ ಹೋದಳು. ಎಳೆಯ ರೆಂಬೆ ಮುರಿದಳು. ಎಲೆ ಕಿತ್ತು ಬಿಸಾಕಿದಳು. ಹಲ್ಲಿನಿಂದ ಸಿಪ್ಪೆ ಸುಲಿದಳು. ಒಳಗಿನ ತಿರುಳನ್ನು ಮಾತ್ರ ಕಬ್ಬು ತಿಂದ ಹಾಗೆ ಅಗಿದು, ರಸ ಹೀರಿ, ನಾರನ್ನು ಉಗಿದಳು.

ಹಫ್‌ಮನ್‌ಗೆ ಆ ಗಿಡ ಗೊತ್ತಿರಲಿಲ್ಲ. ಕಲುಂಡೆಗೆ ಚೆನ್ನಾಗಿ ಗೊತ್ತಿತ್ತು. ಟೊಂಗ್ವೆ ಮಾತಿನಲ್ಲಿ ಅದು ಮ್ಜೊನ್ಸೊ. ಬಾಯಿಗಿಡಲಾಗದಷ್ಟು ಕಹಿ. ಹೊಟ್ಟೆನೋವಿಗೆ, ಹುಳುವಿಗೆ, ಜ್ವರಕ್ಕೆ ಅವರ ಮನೆಯಲ್ಲಿ ಕೊಡುವ ಮದ್ದು ಅದು. ಹಸಿವಿಗೆ ಯಾರೂ ಅದನ್ನು ತಿನ್ನುವುದಿಲ್ಲ ಎಂದು ಅವರು ಹೇಳಿದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಚೌಸಿಕು ಮೊದಲಿನ ಹಾಗೆ ಓಡಾಡಿ ತಿನ್ನತೊಡಗಿದ್ದಳು. ಇಬ್ಬರೂ ಸೇರಿ 1989ರಲ್ಲಿ ಇದನ್ನು ಪ್ರಕಟಿಸಿದರು. ಲೇಖನದಲ್ಲಿ ಕಲುಂಡೆಯವರ ಹೆಸರು ಇದೆ ಅನ್ನುವುದು ನನಗೆ ಮುಖ್ಯ ಅನಿಸುತ್ತದೆ. ಎಷ್ಟೋ ಕಾಡುಗಳಲ್ಲಿ ದಾರಿ ತೋರಿಸಿದವರ ಹೆಸರು ಎಲ್ಲೂ ಬಂದಿಲ್ಲ.

ಒಂದು ಸಲ ನೋಡಿದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಮೊಟ್ಟೆ ಎಣಿಸುವುದು. ಮಲವನ್ನು ತೂಗಿ, ದ್ರವದಲ್ಲಿ ಕಲಸಿ, ಗೆರೆ ಹಾಕಿದ ಗಾಜಿನ ತಟ್ಟೆಯಲ್ಲಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಒಂದು ಗ್ರಾಂಗೆ ಎಷ್ಟು ಮೊಟ್ಟೆ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಪಶುವೈದ್ಯರು ಕುರಿಗೆ ಮಾಡುವ ಪರೀಕ್ಷೆಯೂ ಇದೇ. 1991ರ ಕೊನೆಯಲ್ಲಿ ಮಹಾಲೆಯ ಇನ್ನೊಂದು ಹೆಣ್ಣು ಚಿಂಪಾಂಜಿ ಇದೇ ಕಹಿ ತಿರುಳು ಅಗಿಯಿತು. ಅಗಿಯುವ ಹೊತ್ತಿಗೆ ಗಂಟುಹುಳುವಿನ ಮೊಟ್ಟೆ ಒಂದು ಗ್ರಾಂಗೆ 130. ಇಪ್ಪತ್ತು ಗಂಟೆಗಳ ಮೇಲೆ 15. ಗಿಡವನ್ನು ಪ್ರಯೋಗಾಲಯಕ್ಕೆ ಒಯ್ದಾಗ ವರ್ನೊನಿಯೊಸೈಡ್ ಎಂಬ ಗುಂಪಿನ ಕಹಿ ವಸ್ತುಗಳು ಸಿಕ್ಕವು. ಎಲೆಯಲ್ಲಿ, ತೊಗಟೆಯಲ್ಲಿ ವರ್ನೊಡಾಲಿನ್ ಎಂಬ ವಿಷದ ಅಂಶ ಜಾಸ್ತಿ. ಚೌಸಿಕು ಎಲೆ ಬಿಸಾಕಿ, ಸಿಪ್ಪೆ ಸುಲಿದು, ತಿರುಳು ಮಾತ್ರ ತಿಂದದ್ದನ್ನು ಈಗ ಇನ್ನೊಮ್ಮೆ ನೆನೆಯಿರಿ.

ಈ ಗಿಡದ ಶಾಸ್ತ್ರೀಯ ಹೆಸರು ವರ್ನೋನಿಯಾ ಅಮಿಗ್ಡಲಿನಾ. ನಮಗೆ ಇದರ ನೆಂಟ ಗೊತ್ತು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕಾಡುಜೀರಿಗೆ. ಅದನ್ನೂ ಬಹುಕಾಲ ವರ್ನೋನಿಯಾ ಕುಲದಲ್ಲೇ ಇಟ್ಟಿದ್ದರು. ಅದರ ಲ್ಯಾಟಿನ್ ಹೆಸರಿನ ಎರಡನೆಯ ಭಾಗ ಆಂಥೆಲ್ಮಿಂಟಿಕಾ, ಅಂದರೆ ಹುಳು ಹೊರಹಾಕುವಂಥದ್ದು. ಕಹಿಯಾದ ಆ ಬೀಜವನ್ನು ಹೊಟ್ಟೆಹುಳುವಿಗೆ ಕೊಡುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಸಾಗರದ ಆಚೆ ಈಚೆ ಎರಡು ಕಡೆ, ಒಂದೇ ಬಳಗದ ಕಹಿ ಗಿಡ, ಒಂದೇ ಕೆಲಸಕ್ಕೆ.

ಈಗ ಆ ಇಡೀ ಎಲೆಯ ವಿಷಯ. 1983ರಲ್ಲಿ ರಿಚರ್ಡ್ ರ್‍ಯಾಂಗಮ್ ಮತ್ತು ತೊಶಿಸಾದಾ ನಿಶಿದಾ ಒಂದು ವಿಚಿತ್ರ ಬರೆದರು. ಗೋಂಬೆ ಮತ್ತು ಮಹಾಲೆಯ ಚಿಂಪಾಂಜಿಗಳು ಕೆಲವು ದಿನ ಬೆಳಗ್ಗೆ ಬೇರೆ ಏನೂ ತಿನ್ನುವ ಮೊದಲು ಆಸ್ಪಿಲಿಯಾ ಎಂಬ ಗಿಡದ ಹತ್ತಿರ ಹೋಗುತ್ತವೆ. ಒಂದು ಎಲೆ ಕಿತ್ತು, ನಾಲಿಗೆಯಲ್ಲಿ ಮಡಚಿ, ಅಗಿಯದೆ ನುಂಗುತ್ತವೆ. ಮಾತ್ರೆ ನುಂಗುವ ಮಗುವಿನ ಹಾಗೆ, ಕಷ್ಟಪಟ್ಟು, ಒಂದಾದ ಮೇಲೆ ಒಂದು. ಎಲೆ ಹೊಟ್ಟೆಯಲ್ಲಿ ಕರಗುವುದಿಲ್ಲ. ಮಡಿಕೆ ಸಮೇತ ಹೊರಬರುತ್ತದೆ.

ಮೊದಲು ಎಲೆಯಲ್ಲಿ ಮದ್ದಿನ ಅಂಶ ಇರಬೇಕು ಎಂದುಕೊಂಡರು. ಹುಳು ಕೊಲ್ಲುವ ರಾಸಾಯನಿಕ ಸಿಕ್ಕಿತು ಎಂಬ ಸುದ್ದಿಯೂ ಆಯಿತು, ಆಮೇಲೆ ಅದು ನಿಲ್ಲಲಿಲ್ಲ. ಆಫ್ರಿಕಾದ ಬೇರೆ ಬೇರೆ ಕಾಡುಗಳಿಂದ ವರದಿ ಬಂದ ಹಾಗೆ ಗಿಡಗಳ ಪಟ್ಟಿ ಬೆಳೆಯಿತು. ಈಗ ಅದು 40ರ ಗಡಿ ದಾಟಿದೆ. ಬೊನೊಬೊ ಮತ್ತು ಪೂರ್ವದ ಗೊರಿಲ್ಲಾಗಳೂ ಹೀಗೆ ನುಂಗುತ್ತವೆ. ಅಷ್ಟು ಗಿಡಗಳಲ್ಲಿ ಒಂದೇ ರಾಸಾಯನಿಕ ಇರಲು ಸಾಧ್ಯವಿಲ್ಲ. ಎಲ್ಲವಕ್ಕೂ ಸಮಾನವಾಗಿದ್ದದ್ದು ಒಂದೇ. ಎಲೆ ಒರಟು. ಮೇಲೆಲ್ಲ ಬಿರುಸು ರೋಮ. ಪಟ್ಟಿಯಲ್ಲಿರುವ ಒಂದು ಮರ ನಮ್ಮ ಮಲೆನಾಡಿನಲ್ಲೂ ಇದೆ, ಗರಗತ್ತಿ ಎನ್ನುವ ಅತ್ತಿ ಜಾತಿಯ ಮರ. ಉಪ್ಪುಕಾಗದ ಬರುವ ಮೊದಲು ಬಡಗಿಗಳು ಮರಕ್ಕೆ ನುಣುಪು ಕೊಡಲು ಇದರ ಎಲೆ ಉಜ್ಜುತ್ತಿದ್ದರು. ಸಿಕ್ಕರೆ ಬೆರಳಿನಲ್ಲಿ ಸವರಿ ನೋಡಿ. ಅದನ್ನು ಅಗಿಯದೆ ನುಂಗುವುದು ಹೇಗಿರಬಹುದು ಎಂದು ಗಂಟಲಿಗೆ ಗೊತ್ತಾಗುತ್ತದೆ.

ಹಫ್‌ಮನ್ ತಂಡ 1996ರಲ್ಲಿ ಬರೆದದ್ದು ಇದನ್ನು. ಮಹಾಲೆಯಲ್ಲಿ ಇಡೀ ಎಲೆ ಇದ್ದ ಮಲದಲ್ಲಿ ಗಂಟುಹುಳುಗಳೂ ಇದ್ದವು. ಒಂದೆರಡು ಸೆಂಟಿಮೀಟರ್ ಉದ್ದದ ಬಿಳಿ ಹುಳುಗಳು, ಇನ್ನೂ ಜೀವಂತ, ಅಲುಗಾಡುತ್ತಿದ್ದವು. ಅಂದರೆ ಎಲೆ ಅವನ್ನು ಕೊಂದಿಲ್ಲ, ಗುಡಿಸಿ ಹಾಕಿದೆ. ಖಾಲಿ ಹೊಟ್ಟೆಗೆ ಬಿದ್ದ ಒರಟು ಎಲೆ ಕರುಳನ್ನು ಕೆರಳಿಸುತ್ತದೆ. ಕರುಳು ಜೋರಾಗಿ ಹಿಂಡಿ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಒಂದು ದಿನ ಹಿಡಿಯುವ ಪ್ರಯಾಣ ಸುಮಾರು ಆರು ಗಂಟೆಗೇ ಮುಗಿಯುತ್ತದೆ. ಉಗಾಂಡಾದ ಕಿಬಾಲೆಯಲ್ಲಿ ಇದೇ ಥರ ಎಲೆಯ ಜೊತೆ ಲಾಡಿಹುಳುವಿನ ತುಂಡುಗಳು ಬಂದದ್ದನ್ನು ರ್‍ಯಾಂಗಮ್ ನೋಡಿದರು. ಮಹಾಲೆಯಲ್ಲಿ ಈ ಎಲೆ ನುಂಗುವುದು ಜಾಸ್ತಿ ಕಾಣುವುದು ಗಂಟುಹುಳು ಜಾಸ್ತಿಯಾಗುವ ಮಳೆಗಾಲದಲ್ಲೇ.

ಕರುಳಿನ ಗೋಡೆಯಲ್ಲಿ ಗಂಟು ಕಟ್ಟಿಕೊಂಡ ಮರಿಗಳು ಇದಕ್ಕೆ ಬಗ್ಗುವುದಿಲ್ಲ. ಹೊರಗೆ ಬರುವುದು ಕರುಳಿನೊಳಗೆ ತೇಲುವ ದೊಡ್ಡ ಹುಳುಗಳು ಮಾತ್ರ. ಕೆಲವು ವಾರಕ್ಕೆ ಗಂಟುಗಳಿಂದ ಹೊಸವು ಇಳಿಯುತ್ತವೆ, ಒದ್ದೆ ಸೊಪ್ಪಿನಿಂದ ಇನ್ನಷ್ಟು ಒಳಬರುತ್ತವೆ. ಹಾಗಾಗಿ ಇದು ವಾಸಿ ಮಾಡುವ ಚಿಕಿತ್ಸೆ ಅನ್ನುವುದಕ್ಕಿಂತ ಮನೆ ಗುಡಿಸುವ ಕೆಲಸಕ್ಕೆ ಹತ್ತಿರ. ಇವತ್ತು ಗುಡಿಸಿದರೆ ನಾಳೆ ಕಸ ಬೀಳುವುದಿಲ್ಲ ಎಂದೇನಿಲ್ಲ, ಗುಡಿಸದಿದ್ದರೆ ಮಾತ್ರ ತುಂಬಿಹೋಗುತ್ತದೆ.

ಚಿಂಪಾಂಜಿಗೆ ಇದೆಲ್ಲ ಗೊತ್ತಿದೆಯೇ? ಜಪಾನಿನಲ್ಲಿ ಸಾಕಿದ ಚಿಂಪಾಂಜಿಗಳಿಗೆ ಒರಟು ಎಲೆ ಕೊಟ್ಟು ನೋಡಿದ್ದಾರೆ. ಕೆಲವು ತಾವಾಗಿಯೇ ಮಡಚಿ ನುಂಗಿದವು. ಇನ್ನು ಕೆಲವು ಅವನ್ನು ನೋಡಿ ಆಮೇಲೆ ನುಂಗಿದವು. ಅಂದರೆ ಒರಟು ಎಲೆಯನ್ನು ಅಗಿಯಲಾಗದೆ ನುಂಗುವ ಸ್ವಭಾವ ಹುಟ್ಟಿನಿಂದ ಸ್ವಲ್ಪ ಇದ್ದೀತು. ಯಾವ ಗಿಡ, ಯಾವಾಗ ಅನ್ನುವುದು ಗುಂಪಿನಲ್ಲಿ ದೊಡ್ಡವರನ್ನು ನೋಡಿ ಬರುತ್ತದೆ. ನನ್ನ ಮಟ್ಟಿಗೆ ಇಷ್ಟು ಹೇಳುವುದು ಸಾಕು. ಅವುಗಳ ತಲೆಯೊಳಗೆ ವೈದ್ಯರನ್ನು ಕೂರಿಸುವ ಆಸೆ ಬೇಡ. ಬಡಪಾಯಿ ಪ್ರಾಣಿ ಏನೋ ತಿಂದಿತು ಎಂದು ತಳ್ಳಿಹಾಕುವುದೂ ಬೇಡ. ಹುಳು ತಂದ ಸಹವಾಸವೇ ಮದ್ದನ್ನೂ ಕಲಿಸಿದೆ.

ಬ್ಯಾಕ್ಟೀರಿಯ ಒಂದು ಕಡೆ, ಹುಳು ಒಂದು ಕಡೆ ಎಂಬ ಹಾಗೆ ಇಲ್ಲಿಯವರೆಗೆ ಬರೆದೆ. ಹೊಟ್ಟೆಯೊಳಗೆ ಅಂಥ ಗೋಡೆ ಇಲ್ಲ. ಚಾಟಿಹುಳು ಎಂಬುದೊಂದಿದೆ, ಮನುಷ್ಯರಿಗೂ ವಾನರಗಳಿಗೂ ಬರುತ್ತದೆ. ಇಲಿಗೆ ಬರುವ ಚಾಟಿಹುಳುವಿನ ಮೇಲೆ 2010ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ಪ್ರಯೋಗ ಮಾಡಿದರು. ಕರುಳಿನ ಬ್ಯಾಕ್ಟೀರಿಯ ತಾಗದೆ ಅದರ ಮೊಟ್ಟೆ ಸರಿಯಾಗಿ ಒಡೆಯುವುದೇ ಇಲ್ಲ ಎಂದು ಗೊತ್ತಾಯಿತು. ಮೊಟ್ಟೆಯ ತುದಿಗೆ ಬ್ಯಾಕ್ಟೀರಿಯಗಳು ಗುಂಪಾಗಿ ಅಂಟಿಕೊಂಡಾಗ ಮುಚ್ಚಳ ತೆರೆಯುತ್ತದೆ. ನಾನು ಸರಿಯಾದ ಹೊಟ್ಟೆಗೆ ಬಂದಿದ್ದೇನೆ ಎಂದು ಹುಳುವಿಗೆ ತಿಳಿಸುವವು ಬ್ಯಾಕ್ಟೀರಿಯಗಳು. ಇದು ಇಲಿಯ ಕಥೆ. ಆದರೆ ವಾನರಗಳ ಹುಳು ಎಣಿಸುವವರು ಈಗ ಅದೇ ಟ್ಯೂಬಿನಿಂದ ಬ್ಯಾಕ್ಟೀರಿಯವನ್ನೂ ಓದುವುದು ಯಾಕೆ ಎಂದು ಇದರಿಂದ ಗೊತ್ತಾಗುತ್ತದೆ.

ಕಾಡು ಚೆನ್ನಾಗಿದ್ದು, ಓಡಾಡಲು ಜಾಗ ಇದ್ದರೆ ಈ ಲೆಕ್ಕವೆಲ್ಲ ಹೇಗೋ ಸರಿದೂಗುತ್ತದೆ. ಜಾಗ ಕಡಿಮೆಯಾದರೆ? ಬೆಟ್ಟದ ಗೊರಿಲ್ಲಾಗಳು ಇರುವುದು ಎರಡೇ ಕಡೆ. ರುವಾಂಡಾ, ಉಗಾಂಡಾ, ಕಾಂಗೋ ದೇಶಗಳು ಸೇರುವ ವಿರುಂಗಾ ಜ್ವಾಲಾಮುಖಿ ಬೆಟ್ಟಗಳು, ಮತ್ತು ಉಗಾಂಡಾದ ಬ್ವಿಂಡಿ ಕಾಡು. ಇತ್ತೀಚಿನ ಎಣಿಕೆಗಳಲ್ಲಿ ವಿರುಂಗಾದಲ್ಲಿ 604, ಬ್ವಿಂಡಿಯಲ್ಲಿ 459, ಒಟ್ಟು 1,063. ವಿರುಂಗಾದಲ್ಲಿ 1980ರ ದಶಕದ ಮೊದಲಿಗೆ ಸುಮಾರು 250 ಇದ್ದವು. ಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿಯಾದದ್ದು ದೊಡ್ಡ ಸಂತೋಷ. ಆದರೆ ಕಾಡು ಅಷ್ಟೇ ಇದೆ. ಸುತ್ತ ಹೊಲ, ಊರು. ಒಂದೇ ಸೊಪ್ಪಿನ ಬಯಲಿಗೆ ಗುಂಪುಗಳು ಮತ್ತೆ ಮತ್ತೆ ಬರುತ್ತವೆ. ಹುಳುವಿನ ಮರಿಗೆ ಇದಕ್ಕಿಂತ ಅನುಕೂಲ ಬೇಕೇ? ಕೆಲವು ಗುಂಪುಗಳಲ್ಲಿ ಹುಳುವಿನ ಮೊಟ್ಟೆಗಳ ಸಂಖ್ಯೆ ಬೇರೆಡೆಗಿಂತ ಜಾಸ್ತಿ ಕಂಡಿದೆ, ಹೊಟ್ಟೆಯ ಕಾಯಿಲೆಗಳೂ ವೈದ್ಯರ ಗಮನಕ್ಕೆ ಬಂದಿವೆ. ಎಲ್ಲಕ್ಕೂ ಜಂತುಹುಳು ಮಾತ್ರೆ ಕೊಟ್ಟುಬಿಡಿ ಎನ್ನುವುದು ಸುಲಭ. ಆದರೆ ಕಾಡಿನ ಗೊರಿಲ್ಲಾಗೆ ಔಷಧಿ ಹಾಕಬೇಕಾದರೆ ದೂರದಿಂದ ಚುಚ್ಚುಮದ್ದು ಹಾರಿಸಬೇಕು. ನೆಲದ ತುಂಬಾ ಮರಿಗಳು ಕಾಯುತ್ತಿರುವಾಗ ಅದರ ಫಲ ಎಷ್ಟು ದಿನ? ಅಲ್ಲಿನ ಪಶುವೈದ್ಯರು ಪ್ರಾಣಕ್ಕೆ ಕುತ್ತು ಬಂದಾಗ, ಅಥವಾ ಮನುಷ್ಯರಿಂದ ಬಂದ ತೊಂದರೆಗೆ ಮಾತ್ರ ಕೈ ಹಾಕುವ ನಿಯಮ ಇಟ್ಟುಕೊಂಡಿರುವುದು ನನಗೆ ಸರಿ ಅನಿಸುತ್ತದೆ.

ಮನುಷ್ಯರಿಂದ ಬರುವ ತೊಂದರೆ ಸಣ್ಣದಲ್ಲ. ನಾವೂ ಅದೇ ಬಳಗದವರು, ನಮ್ಮ ಹುಳುವಿಗೆ ಅವುಗಳ ಹೊಟ್ಟೆ ಹೊಸದಲ್ಲ. ಮಧ್ಯ ಆಫ್ರಿಕಾ ಗಣರಾಜ್ಯದ ಜಾಂಗಾ-ಸಾಂಗಾ ಕಾಡಿನಲ್ಲಿ ಗೊರಿಲ್ಲಾಗಳೂ, ಅವುಗಳ ಜಾಡು ಹಿಡಿದು ನಡೆಯುವ ಜನರೂ ಒಂದೇ ಬಗೆಯ ಕೊಕ್ಕೆಹುಳುಗಳನ್ನು ಹಂಚಿಕೊಂಡಿದ್ದಾರೆ. ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಒಳಹೋಗುತ್ತದೆ, ಇಬ್ಬರೂ ನಡೆಯುವುದು ಒಂದೇ ಮಣ್ಣಿನ ಮೇಲೆ. ಬ್ವಿಂಡಿಯಲ್ಲಿ 2008ರಲ್ಲಿ ಜನ, ದನಕರು, ಗೊರಿಲ್ಲಾ ಮೂವರ ಇ. ಕೊಲೈ ಬ್ಯಾಕ್ಟೀರಿಯವನ್ನೂ ಹೋಲಿಸಿದರು. ಜನರ ಹೊಲ ಮನೆಗಳ ಹತ್ತಿರ ಹೆಚ್ಚು ಸುಳಿಯುವ ಗೊರಿಲ್ಲಾಗಳ ಬ್ಯಾಕ್ಟೀರಿಯ ಜನರದ್ದಕ್ಕೆ ಹೆಚ್ಚು ಹತ್ತಿರವಾಗಿತ್ತು. ಗೊರಿಲ್ಲಾಗಳಿಂದ ಸಿಕ್ಕ ಬ್ಯಾಕ್ಟೀರಿಯಗಳಲ್ಲಿ ಸುಮಾರು 17% ಒಂದಾದರೂ ಆಂಟಿಬಯೋಟಿಕ್‌ಗೆ ಬಗ್ಗುತ್ತಿರಲಿಲ್ಲ. ಊರಿನವರು ಬಳಸುವ ಆಂಟಿಬಯೋಟಿಕ್ ಅದು. ಮಾತ್ರೆ ನುಂಗಿದವರು ಊರಿನವರು, ಅದರ ಗುರುತು ಉಳಿದದ್ದು ಕಾಡಿನ ಪ್ರಾಣಿಯ ಕರುಳಿನಲ್ಲಿ.

ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಜಿಕುಸೋಕಾ ಈ ಪಾಠವನ್ನು ಬೇಗ ಕಲಿತರು. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿತು, ಒಂದು ಮರಿ ಸತ್ತುಹೋಯಿತು. ರೋಗದ ಮೂಲ ಹುಡುಕಿದಾಗ ಅದು ಸುತ್ತಲಿನ ಹಳ್ಳಿಗಳ ಕಡೆ ಬೆರಳು ಮಾಡಿತು. ಗೊರಿಲ್ಲಾ ಚೆನ್ನಾಗಿರಬೇಕಾದರೆ ಹಳ್ಳಿಯ ಜನ ಚೆನ್ನಾಗಿರಬೇಕು ಎಂದು ಅವರು 2003ರಲ್ಲಿ ಒಂದು ಸಂಸ್ಥೆ ಕಟ್ಟಿ ಹಳ್ಳಿಗಳ ಆರೋಗ್ಯಕ್ಕೂ, ಗೊರಿಲ್ಲಾಗಳ ಲದ್ದಿ ಪರೀಕ್ಷೆಗೂ ಒಟ್ಟಿಗೆ ಕೈಹಾಕಿದರು. ಪಾಯಿಖಾನೆ ಕಟ್ಟಿಸುವುದು ವನ್ಯಜೀವಿ ರಕ್ಷಣೆಯ ಕೆಲಸ ಎಂದು ಅರ್ಥವಾಗಲು ಹುಳುವಿನ ಮೊಟ್ಟೆಯ ದಾರಿ ಗೊತ್ತಿರಬೇಕು.

ಇವತ್ತು ಬ್ವಿಂಡಿಗೆ ಗೊರಿಲ್ಲಾ ನೋಡಲು ಹೋದರೆ ಹೊರಡುವ ಮೊದಲು ನಿಯಮ ಓದಿ ಹೇಳುತ್ತಾರೆ. ನೆಗಡಿ ಜ್ವರ ಇದ್ದರೆ ಬರಬೇಡಿ. ಗೊರಿಲ್ಲಾಗಳ ಜೊತೆ ಒಂದು ಗಂಟೆ ಮಾತ್ರ. ಹತ್ತಿರ ಹೋಗಬೇಡಿ. ಮೊದಲು 7 ಮೀಟರ್ ದೂರ ಅನ್ನುತ್ತಿದ್ದರು, ಕೋವಿಡ್ ಬಂದ ಮೇಲೆ 10 ಆಯಿತು. ದಾರಿಯಲ್ಲಿ ಹೊಟ್ಟೆ ಕೆಟ್ಟರೆ ನಾಚಿಕೊಳ್ಳದೆ ಗೈಡ್‌ಗೆ ಹೇಳಿ ಎಂದೂ ಹೇಳುತ್ತಾರೆ. ಆಗ ಗೈಡ್ ಸೊಂಟದ ಮಚ್ಚು ತೆಗೆದು, ದಾರಿಯಿಂದ ಪಕ್ಕಕ್ಕೆ ಹೋಗಿ, ಬೇರು ಕಡಿದು, ಮಣ್ಣು ಕೆದಕಿ ಒಂದು ಅಡಿ ಆಳದ ಗುಂಡಿ ತೋಡುತ್ತಾನೆ. ಕೆಲಸ ಮುಗಿದ ಮೇಲೆ ಪೂರ್ತಿ ಮಣ್ಣು ಮುಚ್ಚಿ, ಮೇಲೆ ಕಾಲಿನಿಂದ ತುಳಿದು ಗಟ್ಟಿ ಮಾಡಿ, ಆಮೇಲೆ ಮುಂದೆ ನಡೆಯುತ್ತಾರೆ.